ಏಳು ಸಾವಿರ ಕಲ್ಲು, ಏಳು ಸಾವಿರ ಮರ

1982ರಲ್ಲಿ ಜರ್ಮನಿಯ ಕಾಸೆಲ್ ನಗರದ ದೊಡ್ಡ ಚೌಕಕ್ಕೆ ಕಂಬದಂಥ ಏಳು ಸಾವಿರ ಕರಿಗಲ್ಲುಗಳು ಬಂದು ಬಿದ್ದವು. ಅಲ್ಲಿ ಕೆಲವು ವರ್ಷಗಳಿಗೊಮ್ಮೆ ನಡೆಯುವ 'ಡಾಕ್ಯುಮೆಂಟಾ' ಕಲಾಪ್ರದರ್ಶನಕ್ಕೆ ಯೋಸೆಫ್ ಬಾಯ್ಸ್ ಎಂಬ ಕಲಾವಿದ ಕೊಟ್ಟ ಕೃತಿ ಅದು. ಆತನ ಷರತ್ತು ಒಂದೇ: ಒಂದು ಕಲ್ಲು ಚೌಕ ಬಿಟ್ಟು ಕದಲಬೇಕಾದರೆ ಊರಿನಲ್ಲಿ ಎಲ್ಲಾದರೂ ಒಂದು ಸಸಿ ನೆಡಬೇಕು, ಕಲ್ಲನ್ನು ಅದರ ಪಕ್ಕ ನಿಲ್ಲಿಸಬೇಕು. ಮೊದಲ ಓಕ್ ಸಸಿಯನ್ನು ಮಾರ್ಚ್ ತಿಂಗಳಲ್ಲಿ ತಾನೇ ನೆಟ್ಟಿದ್ದ. ತ್ರಿಕೋನಾಕಾರದ ರಾಶಿಯ ತುದಿ ಆ ಸಸಿಯತ್ತ ತಿರುಗಿತ್ತು.

ಊರಿನ ಅನೇಕರಿಗೆ ಸಿಟ್ಟು ಬಂತು. ಬರದೇ ಇರುತ್ತದೆಯೆ? 1943ರ ಅಕ್ಟೋಬರ್‌ನ ಒಂದು ರಾತ್ರಿ ಬ್ರಿಟಿಷ್ ಬಾಂಬುಗಳಿಗೆ ಕಾಸೆಲ್‌ನ ಹಳೆಯ ಪೇಟೆ ಸುಟ್ಟುಹೋಗಿತ್ತು. ಸತ್ತವರು ಸುಮಾರು ಹತ್ತು ಸಾವಿರ. ಅವಶೇಷಗಳ ರಾಶಿ ತೆರವು ಮಾಡಿ ಕಟ್ಟಿಕೊಂಡ ಊರಿನ ನಟ್ಟನಡುವೆ ಈಗ ಮತ್ತೊಂದು ರಾಶಿ! ಯಾರೋ ಕೆಲವು ಕಲ್ಲುಗಳಿಗೆ ಗುಲಾಬಿ ಬಣ್ಣವನ್ನೂ ಬಳಿದರು.

ಬಾಯ್ಸ್ ಕೂಡ ಆ ಯುದ್ಧದಿಂದ ಬಂದವನೇ. ಹಿಟ್ಲರನ ವಾಯುಪಡೆಯಲ್ಲಿದ್ದು, 1944ರಲ್ಲಿ ಕ್ರಿಮಿಯಾದಲ್ಲಿ ವಿಮಾನ ಬಿದ್ದರೂ ಬದುಕಿ ಉಳಿದವನು. ತಾತಾರರು ಮೈಗೆ ಕೊಬ್ಬು ಸವರಿ ತನ್ನನ್ನು ಉಳಿಸಿದರೆಂದು ಆತ ಹೇಳಿಕೊಂಡ ಕತೆ ಮಾತ್ರ ದಾಖಲೆಗಳ ಮುಂದೆ ನಿಲ್ಲುವುದಿಲ್ಲ.

ಕೃತಿಯ ಜೀವ ಇದ್ದದ್ದು ರಾಶಿಯಲ್ಲೇ. ಅದು ಊರಿನ ಬಾಕಿ ಲೆಕ್ಕ. ನೆಟ್ಟಷ್ಟೂ ಕರಗುತ್ತಿತ್ತು, ಸುಮ್ಮನೆ ಕೂತರೆ ಹಾಗೇ ಉಳಿಯುತ್ತಿತ್ತು. ರಾಶಿ ಬೇಡವೆನ್ನುವವನಿಗೂ ಸಸಿ ನೆಡುವುದೊಂದೇ ದಾರಿ. ಎಲ್ಲಿ ನೆಡಬೇಕೆಂದು ನಿವಾಸಿಗಳು, ಶಾಲೆಗಳು ಸೂಚಿಸಿದವು. ಹೆಸರು '7000 ಓಕ್‌ಗಳು' ಎಂದಿದ್ದರೂ ಲಿಂಡನ್, ಮೇಪಲ್, ಆಶ್ ಮರಗಳೂ ಬಂದವು. ಒಂದು ಜೋಡಿಗೆ ದಾನಿ ಕೊಡಬೇಕಾದದ್ದು 500 ಮಾರ್ಕ್. ಅದು ಸಾಲದೆ ಬಾಯ್ಸ್ ಜಪಾನಿನ ವಿಸ್ಕಿ ಜಾಹೀರಾತಿನಲ್ಲೂ ಕಾಣಿಸಿಕೊಂಡ.

1986ರ ಜನವರಿಯಲ್ಲಿ ಆತ ತೀರಿಕೊಂಡಾಗ ಸುಮಾರು 5500 ಮರಗಳಾಗಿದ್ದವು. ಕೆಲಸ ನಿಲ್ಲಲಿಲ್ಲ. 1987ರ ಜೂನ್‌ನಲ್ಲಿ, ಮುಂದಿನ ಡಾಕ್ಯುಮೆಂಟಾ ಆರಂಭವಾದಾಗ, ಮಗ ವೆಂಜೆಲ್ ಕೊನೆಯ ಸಸಿಯನ್ನು ತಂದೆ ನೆಟ್ಟ ಮೊದಲ ಮರದ ಪಕ್ಕದಲ್ಲಿ ನೆಟ್ಟ. ಚೌಕ ಖಾಲಿಯಾಯಿತು.

ನೆಟ್ಟ ಹೊಸದರಲ್ಲಿ ಬಡಕಲು ಸಸಿಯ ಪಕ್ಕದಲ್ಲಿ ಎದ್ದು ಕಾಣುತ್ತಿದ್ದುದು ಕಲ್ಲೇ. ನಲವತ್ತು ವರ್ಷಗಳಲ್ಲಿ ಲೆಕ್ಕ ತಿರುಗಿದೆ: ರಸ್ತೆಗೆ ನೆರಳಾದ ಮರದ ಬುಡದಲ್ಲಿ ಕಲ್ಲು ಗಿಡ್ಡನೆ ನಿಂತಿದೆ. ಮರ ಒಣಗಿದರೆ ಆ ಜಾಗದಲ್ಲಿ ಬೇರೆ ಸಸಿ ನೆಡುತ್ತಾರೆ. ಕಲ್ಲು ಮಾತ್ರ ಅದೇ.