ಕಾಫಿ ತೋಟದ ಹಾದಿಯಲ್ಲಿ ಎರಡು ಫಾಬಿಯಾ

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುರಸ್ತೆಗಳಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ನಡೆದಿದೆ. ಸ್ಕೋಡಾ ಫಾಬಿಯಾ ಓಡಿಸಿದ ಗೌರವ್ ಗಿಲ್ 2013, 2016 ಮತ್ತು 2017ರಲ್ಲಿ ಈ ಸರಣಿಯ ಚಾಂಪಿಯನ್ ಆದರು. ಅವರು ಓಡಿಸಿದ ಎರಡೂ ಮಾದರಿಗಳಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುತ್ತದೆ. ಓಟದ ಗುಣ ಮಾತ್ರ ಬೇರೆ.

ಎಸ್2000 (2013): 2,000 ಸಿಸಿ, ಟರ್ಬೊ ಇಲ್ಲ. ಆಕ್ಸಿಲರೇಟರ್ ತುಳಿದೊಡನೆ ಎಂಜಿನ್ ಸ್ಪಂದಿಸುತ್ತದೆ. ಬಲವೆಲ್ಲ ಎಂಜಿನ್ ವೇಗವಾಗಿ ತಿರುಗುವಾಗ, ಅಂದರೆ ಹೆಚ್ಚಿನ ಆರ್‌ಪಿಎಂನಲ್ಲಿದೆ. ತಿರುವಿನಲ್ಲಿ ವೇಗ ಬಿಟ್ಟುಕೊಟ್ಟರೆ ಏರು ಹತ್ತುವಾಗ ಏದುಸಿರು ಬಿಡುತ್ತದೆ.

ಆರ್5 (2016, 2017): 1,600 ಸಿಸಿ, ಟರ್ಬೊ ಇದೆ. ಹೊರಹೋಗುವ ಬಿಸಿ ಹೊಗೆಯೇ ಟರ್ಬೈನ್ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಕಡಿಮೆ ಆರ್‌ಪಿಎಂನಲ್ಲೇ ಎಳೆತ ಸಿಗುವುದರಿಂದ ಹೇರ್‌ಪಿನ್ ತಿರುವು ದಾಟಿದ ಕೂಡಲೇ ಕಾರು ಮುನ್ನುಗ್ಗುತ್ತದೆ. ಸಡಿಲ ಮಣ್ಣಿನಲ್ಲಿ ಈ ಬಲವನ್ನು ಹದವರಿತು ಬಳಸುವುದೇ ಚಾಲಕನ ನಿಜವಾದ ಕಸುಬು.