ಕೂಟಶಾಸನ ಮತ್ತು ಪ್ರಮಾಣ: ದಾಖಲೆಯ ಸತ್ಯವನ್ನು ಪರೀಕ್ಷಿಸಿದ ಎರಡು ಬಗೆ

ಶಾಸನವೆಂದರೆ ಸಂಶಯಕ್ಕೆ ಎಡೆಯಿಲ್ಲದ ಆಧಾರ ಎಂಬ ಭಾವನೆ ನಮ್ಮ ಇತಿಹಾಸ ಬರವಣಿಗೆಯಲ್ಲಿ ಬೇರೂರಿದೆ. ಆದರೆ ಶಾಸನಗಳನ್ನು ಬರೆಸಿದ ಸಮಾಜವೇ ಅವನ್ನು ಹಾಗೆ ಕಣ್ಣುಮುಚ್ಚಿ ನಂಬಿರಲಿಲ್ಲ. ತಾಮ್ರಪಟಗಳ ನೈಜತೆಯನ್ನು ಅಂದಿನ ನ್ಯಾಯವ್ಯವಸ್ಥೆ ಹಾಗೂ ಇಂದಿನ ಶಾಸನಶಾಸ್ತ್ರ ಪರೀಕ್ಷಿಸಿದ ಬಗೆಯನ್ನು ಹೋಲಿಸಿ, ಯಾವ ದಾಖಲೆಯೂ ತನ್ನ ಸತ್ಯಕ್ಕೆ ತಾನೇ ಸಾಕ್ಷಿಯಾಗಲಾರದು ಎಂಬ ತತ್ತ್ವ ಎರಡಕ್ಕೂ ತಳಹದಿಯೆಂದು ತೋರಿಸುವುದು ಈ ಲೇಖನದ ಉದ್ದೇಶ.

ದಾನಶಾಸನದಲ್ಲಿ ಅರಸನ ವಂಶಾವಳಿ, ದಾನದ ಪ್ರಮಾಣ, ಮುದ್ರೆ, ಸ್ವಹಸ್ತ, ಕಾಲ ಇವೆಲ್ಲ ಇರಬೇಕೆಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ವ್ಯಾಜ್ಯ ಬಂದಾಗ ಲಿಖಿತ, ಭುಕ್ತಿ (ವಾಸ್ತವ ಅನುಭೋಗ), ಸಾಕ್ಷಿ ಎಂಬ ಮೂರು ಪ್ರಮಾಣಗಳು. ಇವು ಯಾವುವೂ ಇಲ್ಲದಾಗ ಮಾತ್ರ ದಿವ್ಯ, ಎಂದರೆ ದೈವಪರೀಕ್ಷೆ. ಇದೇ ಸ್ಮೃತಿಗೆ ವಿಜ್ಞಾನೇಶ್ವರ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ವ್ಯಾಖ್ಯಾನ ಬರೆದನು. ಲಿಖಿತದ ಜೊತೆಗೇ ಭುಕ್ತಿಯನ್ನು ನಿಲ್ಲಿಸಿದ್ದು ಗಮನಾರ್ಹ. ಪಟದಲ್ಲಿ ಏನೇ ಕೊರೆದಿರಲಿ, ಹೊಲದ ಫಲ ಉಣ್ಣುತ್ತಿರುವವರು ಯಾರೆಂಬುದು ಊರಿಗೆ ಗೊತ್ತಿರುತ್ತದೆ.

ಈ ಎಚ್ಚರಕ್ಕೆ ಕಾರಣವಿತ್ತು. ಹರ್ಷವರ್ಧನನ ಮಧುಬನ ತಾಮ್ರಶಾಸನ (ಕ್ರಿ.ಶ. 631) ಅದನ್ನು ನೇರವಾಗಿ ಹೇಳುತ್ತದೆ. ಸೋಮಕುಂಡಕಾ ಎಂಬ ಗ್ರಾಮವನ್ನು ವಾಮರಥ್ಯನೆಂಬ ಬ್ರಾಹ್ಮಣ ಕೂಟಶಾಸನದ, ಎಂದರೆ ನಕಲಿ ಶಾಸನದ, ಬಲದಿಂದ ಅನುಭವಿಸುತ್ತಿದ್ದನು. ಅದು ತಿಳಿದ ಅರಸ ಆ ಪಟವನ್ನು ಒಡೆಸಿ, ಗ್ರಾಮವನ್ನು ಬೇರೆ ಇಬ್ಬರಿಗೆ ದಾನವಿತ್ತನು.

ಕರ್ನಾಟಕದಲ್ಲಿ ಇದೇ ಪ್ರಶ್ನೆ ಗಂಗರ ತಾಮ್ರಪಟಗಳ ಸುತ್ತ ಎದ್ದಿತು. ಶಾಸನತಜ್ಞ ಬಿ.ಎಲ್. ರೈಸ್ ಒಪ್ಪಿದ ಹಲವು ಪಟಗಳನ್ನು ಇನ್ನೊಬ್ಬ ಶಾಸನತಜ್ಞ ಜೆ.ಎಫ್. ಫ್ಲೀಟ್ ಕೂಟವೆಂದು ತಳ್ಳಿಹಾಕಿದರು. ಗಂಗ ಅರಸ ಅವಿನೀತನ ಹೆಸರಿನ ಮಡಿಕೇರಿ ಪಟ ಅವುಗಳಲ್ಲಿ ಪ್ರಸಿದ್ಧ. ಅದರಲ್ಲಿ 388 ಎಂಬ ವರ್ಷವಿದೆ, ಶಕೆಯ ಹೆಸರಿಲ್ಲ. ಶಕವರ್ಷವೆಂದು ಹಿಡಿದರೆ ಕ್ರಿ.ಶ. 466. ಆದರೆ ಅದರಲ್ಲಿ ಬರುವ ಅಕಾಲವರ್ಷ ಎಂಬುದು ಮುಂದೆ ಕೃಷ್ಣ ಎಂಬ ಹೆಸರಿನ ರಾಷ್ಟ್ರಕೂಟ ಅರಸರು ಧರಿಸಿದ ಬಿರುದು. ಲಿಪಿಯೂ ಎಷ್ಟೋ ಈಚಿನದು ಎಂಬುದು ಫ್ಲೀಟರ ವಾದ.

ಇಲ್ಲಿ ಪರೀಕ್ಷೆಯ ಮರ್ಮವಿದೆ. ವಂಶಾವಳಿ, ಮುದ್ರೆ, ದಾನದ ಒಕ್ಕಣೆ ಇವು ಶಾಸ್ತ್ರೋಕ್ತ ಲಕ್ಷಣಗಳು. ಕೂಟ ಮಾಡುವವನು ಮೊದಲು ನಕಲು ಮಾಡುವುದು ಇವನ್ನೇ. ತನ್ನ ಕಾಲದ ಅಕ್ಷರದ ತಿರುವನ್ನೂ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದ ಬಿರುದನ್ನೂ ಮರೆಮಾಚುವುದು ಅವನಿಗೆ ಕಷ್ಟ, ಏಕೆಂದರೆ ಅವು ಅವನ ಗಮನಕ್ಕೇ ಬಂದಿರುವುದಿಲ್ಲ. ಭುಕ್ತಿಯಂತೆ ಲಿಪಿಯೂ ಬರೆದವನ ಇಚ್ಛೆಗೆ ಒಳಪಡದ ಪ್ರಮಾಣ.

ಇದು ಒಣಚರ್ಚೆಯಲ್ಲ. ಮಡಿಕೇರಿ ಪಟದಲ್ಲಿ ಕೊಂಡಕುಂದಾನ್ವಯ ಎಂಬ ಜೈನ ಗುರುಪರಂಪರೆ ಇದೆ; ಅದನ್ನೇ ನಂಬಿ ಜೈನ ಆಚಾರ್ಯ ಕುಂದಕುಂದಾಚಾರ್ಯರ ಕಾಲವನ್ನು ಲೆಕ್ಕಹಾಕಿದವರಿದ್ದಾರೆ. ಪಟ ಸಂದೇಹಾಸ್ಪದವಾದರೆ ಆ ಲೆಕ್ಕವೂ ಬೇರೆ ಆಧಾರ ಹುಡುಕಿಕೊಳ್ಳಬೇಕು. ಹಾಗೆಂದು ಕೂಟಶಾಸನ ಎಸೆಯತಕ್ಕ ವಸ್ತುವಲ್ಲ. ತಾನು ಹೇಳಿಕೊಳ್ಳುವ ಕಾಲಕ್ಕೆ ಅದು ಸಾಕ್ಷಿಯಲ್ಲ, ತನ್ನನ್ನು ಸೃಷ್ಟಿಸಿದ ಕಾಲಕ್ಕೆ ಸಾಕ್ಷಿ: ಆಗ ಯಾರಿಗೆ ಯಾವ ಭೂಮಿಯ ಹಕ್ಕು ಬೇಕಿತ್ತು, ಯಾವ ರಾಜವಂಶದ ಹೆಸರಿಗೆ ಬೆಲೆಯಿತ್ತು ಎಂಬುದನ್ನು ಅದು ತಿಳಿಸುತ್ತದೆ. ಆದ್ದರಿಂದ ಸಂಶೋಧಕ ಶಾಸನಪಾಠವನ್ನು ಉದ್ಧರಿಸುವ ಮೊದಲು ಅದರ ಲಿಪಿ, ಕಾಲಗಣನೆ, ಸಮಕಾಲೀನ ದಾಖಲೆಗಳೊಂದಿಗಿನ ಹೊಂದಾಣಿಕೆ ಇವನ್ನು ಪರಿಶೀಲಿಸಲೇಬೇಕು.