ನಾಲ್ಕು ಕೋಟಿ ಅಂಕಿಗಳ ಅವಿಭಾಜ್ಯ ಸಂಖ್ಯೆ
ತನ್ನಿಂದ ಹಾಗೂ 1ರಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ, 1ಕ್ಕಿಂತ ದೊಡ್ಡ ಪೂರ್ಣಾಂಕವೇ ಅವಿಭಾಜ್ಯ ಸಂಖ್ಯೆ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಪತ್ತೆಹಚ್ಚಿದ, ಅದುವರೆಗಿನ ಅತಿ ದೊಡ್ಡ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. 2ರ 13,62,79,841ನೇ ಘಾತದಿಂದ 1 ಕಳೆದರೆ ಅದು ದೊರೆಯುತ್ತದೆ.

ಈ ರೂಪದವು ಮರ್ಸೆನ್ ಅವಿಭಾಜ್ಯಗಳು. 3, 7, 31 ಇದೇ ಕುಲದವು. ಘಾತಸೂಚಿಯೂ ಅವಿಭಾಜ್ಯವಾಗಿರಲೇಬೇಕು, ಆದರೆ ಅಷ್ಟೇ ಸಾಲದು: ಘಾತಸೂಚಿ 11 ಆದಾಗ ದೊರೆಯುವ 2047, 23 ಮತ್ತು 89ರ ಗುಣಲಬ್ಧ. ಈ ಕುಲಕ್ಕೆಂದೇ ಇರುವ ಲ್ಯೂಕಾಸ್–ಲೆಹ್ಮರ್ ಪರೀಕ್ಷೆ ಶೀಘ್ರವಾದುದರಿಂದ ದಾಖಲೆಗಳು ಬಹುಪಾಲು ಇಲ್ಲಿಯೇ ಮೂಡಿವೆ.

ಯಾವುದೇ ಸಂಖ್ಯೆಗೂ ಅನ್ವಯಿಸುವ, ಊಹೆಗೆ ಎಡೆಯಿಲ್ಲದ ದಕ್ಷ ವಿಧಾನವನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನಿತಿನ್ ಸಕ್ಸೇನಾ ಹಾಗೂ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯ ಸೇರಿದ ನೀರಜ್ ಕಯಾಲ್ ರೂಪಿಸಿದರು.